ಬಾವುಟ ಕದಿಯುವ ಆಟ: ಜಾಣತನ ಎಲ್ಲಿಯವರೆಗೆ, ಮೋಸ ಎಲ್ಲಿಂದ?

ಪ್ರಶ್ನೆ: ಶಿಬಿರದ ಅಕ್ಕ, ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಏಪ್ರಿಲ್ ರಜೆಯಲ್ಲಿ ಮಕ್ಕಳ ಬೇಸಿಗೆ ಶಿಬಿರವನ್ನು ನಡೆಸುತ್ತ ಬಂದಿದ್ದೇವೆ. ಐದರಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳು ಬರುತ್ತಾರೆ. ಬೆಳಿಗ್ಗೆ ಹಾಡು, ಮುಖವಾಡ, ಮಣ್ಣಿನ ಕೆಲಸ ಇರುತ್ತವೆ. ಬಿಸಿಲು ಇಳಿದ ಮೇಲೆ ಶಾಲೆಯ ಮೈದಾನದಲ್ಲೂ ಅದಕ್ಕೆ ತಾಗಿದ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಲ್ಲೂ ‘ಕ್ಯಾಪ್ಚರ್ ದ ಫ್ಲ್ಯಾಗ್’ ಆಡಿಸುತ್ತೇವೆ. ಮಕ್ಕಳು ಅದನ್ನು ಬಾವುಟ ಕದಿಯುವ ಆಟ ಎಂದೇ ಕರೆಯುತ್ತಾರೆ. ಶಿಬಿರದಲ್ಲಿ ಯಾವುದು ಹೆಚ್ಚು ಇಷ್ಟವಾಯಿತು ಎಂದರೆ ಅವರು ಮೊದಲು ಹೇಳುವುದು ಇದನ್ನೇ. ಒಬ್ಬರಿಗೊಬ್ಬರು ಮಾತು ಬಿಡುವುದೂ ಇದರಿಂದಲೇ.

ಆಟವನ್ನು ನೋಡದವರಿಗಾಗಿ ಎರಡು ಮಾತು ಹೇಳುತ್ತೇನೆ. ಬಯಲಿನ ನಡುವೆ ಗೆರೆ ಹಾಕಿ ಎರಡು ಪಾಲು ಮಾಡಿ, ತಂಡಕ್ಕೊಂದು ಪಾಲು ಕೊಟ್ಟು, ಪ್ರತಿ ಪಾಲಿನ ಹಿಂಬದಿಯಲ್ಲಿ ಒಂದು ಬಾವುಟವನ್ನು ನೆಡುತ್ತೇವೆ. ಎದುರಾಳಿಯ ನೆಲಕ್ಕೆ ನುಗ್ಗಿ ಅವರ ಬಾವುಟವನ್ನು ಕಿತ್ತು, ಸಿಕ್ಕಿಬೀಳದೆ ಗೆರೆ ದಾಟಿ ಸ್ವಂತ ನೆಲಕ್ಕೆ ತಂದವರು ಗೆಲ್ಲುತ್ತಾರೆ. ಎದುರಾಳಿಯ ನೆಲದಲ್ಲಿರುವಾಗ ಅವರಲ್ಲೊಬ್ಬರು ಮುಟ್ಟಿದರೆ ಜೈಲಿಗೆ ಹೋಗಬೇಕು. ನಮ್ಮವರು ಯಾರಾದರೂ ಜೈಲಿನವರೆಗೆ ಬಂದು ಮುಟ್ಟಿದರೆ ಬಿಡುಗಡೆಯಾಗುತ್ತದೆ.

ನಿಯಮ ಇಷ್ಟೇ ಆದ್ದರಿಂದ ತಕರಾರಿಗೆ ಕೊರತೆಯಿಲ್ಲ. ‘ಮುಟ್ಟಿದೆ’ ಎಂದು ಒಬ್ಬ, ‘ಅಂಗಿಯ ತುದಿಯೂ ತಾಗಲಿಲ್ಲ’ ಎಂದು ಇನ್ನೊಬ್ಬ. ದೊಡ್ಡ ಹುಡುಗರು ಬಾವುಟದ ಸುತ್ತ ಕೈ ಕೈ ಹಿಡಿದು ಕೋಟೆಯಂತೆ ನಿಂತುಬಿಡುತ್ತಾರೆ, ಆಗ ಆಟವೇ ನಿಂತುಹೋಗುತ್ತದೆ. ಒಬ್ಬಳು ನುಗ್ಗಿ ಬಂದು ಜೈಲಿನಲ್ಲಿದ್ದ ಒಬ್ಬನನ್ನು ಮುಟ್ಟಿದರೆ ಒಳಗಿದ್ದವರೆಲ್ಲ ಒಟ್ಟಿಗೆ ಓಡುತ್ತಾರೆ, ಅಷ್ಟು ಹೊತ್ತು ಬೆವರು ಸುರಿಸಿ ಅವರನ್ನು ಹಿಡಿದವರು ಅಳುಮೋರೆ ಮಾಡುತ್ತಾರೆ. ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ಕಾಲಿಗೆ ಮುಳ್ಳು ಚುಚ್ಚಿತೆಂದು ‘ಟೈಂಪ್ಲೀಸ್’ ಕೂಗಿ, ಹಿಡಿಯಲು ಬಂದವನು ನಿಂತ ಕೂಡಲೇ ಪರಾರಿಯಾದ ಹುಡುಗನೂ ಇದ್ದಾನೆ. ಹೋದ ವರ್ಷವಂತೂ ಏಳನೆಯ ತರಗತಿಯ ಹುಡುಗಿಯೊಬ್ಬಳು ತೋಳಿನ ನೀಲಿ ರಿಬ್ಬನ್ ಬಿಚ್ಚಿ ಕಿಸೆಗೆ ಸೇರಿಸಿಕೊಂಡು, ಎದುರು ತಂಡದವಳಂತೆ ಅವರ ನಡುವೆಯೇ ನಿಧಾನವಾಗಿ ನಡೆದುಹೋಗಿ, ಕಾವಲಿನ ಹುಡುಗನ ಬಾಟಲಿಯಿಂದ ನೀರನ್ನೂ ಕೇಳಿ ಕುಡಿದು, ಬಾವುಟವನ್ನು ಎತ್ತಿಕೊಂಡು ಬಂದಳು. ಸಂಘಟಕರಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು, ಉಳಿದವರು ಇದು ಶುದ್ಧ ಮೋಸ ಎಂದರು. ಆ ವಾದ ಇನ್ನೂ ಮುಗಿದಿಲ್ಲ.

ನಿಯಮಗಳು ಹೆಚ್ಚಾದಷ್ಟೂ ಆಟದ ಸೊಗಸು ಕೆಡುತ್ತದೆ, ಮಕ್ಕಳು ತಮ್ಮಲ್ಲೇ ಬಗೆಹರಿಸಿಕೊಳ್ಳಲಿ ಎನ್ನುವವರು ನಮ್ಮಲ್ಲಿದ್ದಾರೆ. ಬಗೆಹರಿಸಿಕೊಳ್ಳುವುದು ಎಂದರೆ ಕೊನೆಗೆ ಜೋರು ದನಿಯವರ ಮಾತು ನಡೆಯುವುದು ಎಂಬುದು ನನಗೆ ಕಂಡಿರುವ ಸಂಗತಿ. ಆಟದ ಬಿಸಿ ಆರದಂತೆ, ಆದರೆ ಸಣ್ಣ ಮಕ್ಕಳಿಗೂ ನ್ಯಾಯ ಸಿಗುವಂತೆ ಯಾವ ನಿಯಮಗಳನ್ನು ಮಾಡಬಹುದು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಯ ಸ್ಕೌಟ್ ಮಾಸ್ಟರ್, ದಾವಣಗೆರೆ

ಅಕ್ಕನವರಿಗೆ ನಮಸ್ಕಾರ. ಕೊಂಡಜ್ಜಿಯ ಸ್ಕೌಟ್ ಶಿಬಿರಗಳಲ್ಲಿ ಇಂಥ ಆಟಗಳನ್ನು ಆಡಿಸಿದವನು ನಾನು. ನೀವು ಬರೆದ ತಕರಾರುಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಮುಟ್ಟಿದ್ದು ಮುಟ್ಟಿದವನಿಗೂ ಮುಟ್ಟಿಸಿಕೊಂಡವನಿಗೂ ಮಾತ್ರ ಗೊತ್ತು. ಅವರಿಬ್ಬರಿಗೂ ಅದರಲ್ಲಿ ಲಾಭ ನಷ್ಟವಿದೆ. ಸೀಟಿ ಹಿಡಿದ ಮೂರನೆಯವನು ಪೊದೆಯ ಆಚೆ ಇರುತ್ತಾನೆ. ಹೀಗಿರುವಾಗ ‘ಸತ್ಯ ಹೇಳಿ’ ಎಂದು ಮಕ್ಕಳಿಗೆ ಉಪದೇಶ ಮಾಡುವುದಕ್ಕಿಂತ, ಮುಟ್ಟಿದ್ದಕ್ಕೆ ಕಣ್ಣಿಗೆ ಕಾಣುವ ಗುರುತು ಉಳಿಯುವಂತೆ ಮಾಡುವುದು ಮೇಲು.

ನಂಬಿಕೆಗೆ ಅರ್ಹನಾಗಿರುವುದೇ ಸ್ಕೌಟ್ ನಿಯಮಗಳಲ್ಲಿ ಮೊದಲನೆಯದು. ಆದರೂ ಸ್ಕೌಟುಗಳ ಬಯಲಿನ ಆಟಗಳಲ್ಲಿ ತೋಳಿಗೆ ಉಣ್ಣೆಯ ದಾರವನ್ನು ಕಟ್ಟುವ ರೂಢಿ ಬಂದಿರುವುದು ಈ ಕಾರಣಕ್ಕೇ. ಆ ದಾರವೇ ಆಟಗಾರನ ‘ಜೀವ’. ಎದುರಾಳಿ ಅದನ್ನು ಎಳೆದು ಹರಿದರೆ ಜೀವ ಹೋಯಿತು. ಹರಿದ ದಾರ ಅವನ ಕೈಯಲ್ಲಿರುವುದರಿಂದ ವಾದಕ್ಕೆ ಜಾಗವೇ ಇಲ್ಲ. ಎರಡು ತಂಡಗಳಿಗೆ ಎರಡು ಬಣ್ಣದ ಉಣ್ಣೆ ತಂದರೆ ಪ್ರತ್ಯೇಕ ರಿಬ್ಬನ್ ಕೂಡ ಬೇಕಾಗುವುದಿಲ್ಲ. ಸ್ವೆಟರ್ ಹೆಣೆಯುವ ಉಣ್ಣೆ ಎಂದು ಕೇಳಿದರೆ ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವುದು ಅಕ್ರಿಲಿಕ್. ಅದು ಇಡಿಯಾಗಿ ಕಟ್ಟಿದರೆ ಸುಲಭವಾಗಿ ಹರಿಯುವುದಿಲ್ಲ. ಹುರಿಯನ್ನು ಬಿಡಿಸಿ ಒಂದೋ ಎರಡೋ ಎಳೆಯನ್ನು ಮಾತ್ರ, ಮೊಣಕೈಯ ಮೇಲೆ, ಒಂದು ಬೆರಳು ಒಳಗೆ ತೂರುವಷ್ಟು ಸಡಿಲವಾಗಿ ಕಟ್ಟಬೇಕು. ನೈಲಾನ್ ದಾರವನ್ನಾಗಲಿ ಸುತಳಿಯನ್ನಾಗಲಿ ಬಳಸಲೇಬಾರದು, ಚರ್ಮ ಕೊಯ್ದುಬಿಡುತ್ತದೆ. ಕುತ್ತಿಗೆಗೂ ಸೊಂಟಕ್ಕೂ ಕಟ್ಟಬಾರದು. ತೋಳನ್ನು ಅಂಗಿಯ ಒಳಗೆ ಎಳೆದುಕೊಳ್ಳುವುದು, ದಾರವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಳ್ಳುವುದು ಕೂಡದೆಂದು ಮೊದಲೇ ಹೇಳಿರಬೇಕು. ಉಣ್ಣೆ ಸಿಗದಿದ್ದರೆ ಹಳೆಯ ಸೀರೆಯಿಂದ ಮೊಳದುದ್ದದ ಪಟ್ಟಿಗಳನ್ನು ಹರಿದು, ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿ ‘ಬಾಲ’ ಮಾಡಬಹುದು. ಅರ್ಧಕ್ಕಿಂತ ಹೆಚ್ಚು ಹೊರಗೆ ನೇತಾಡುತ್ತಿರಬೇಕು, ಗಂಟು ಹಾಕಿರಬಾರದು.

ಬಾವುಟದ ಕೋಟೆಗೆ ಪರಿಹಾರ ಸುಲಭವಾಗಿದೆ. ಬಾವುಟದ ಸುತ್ತ ನಾಲ್ಕು ಮೀಟರ್ ತ್ರಿಜ್ಯದ ವೃತ್ತವನ್ನು ಸುಣ್ಣದ ಪುಡಿಯಲ್ಲಿ ಎಳೆಯಿರಿ. ಕಾವಲಿನವರು ವೃತ್ತದ ಹೊರಗೇ ಇರಬೇಕು, ಎದುರಾಳಿ ಒಳಹೊಕ್ಕಾಗ ಮಾತ್ರ ಅವನ ಬೆನ್ನಟ್ಟಿ ಒಳಗೆ ಬರಬಹುದು. ಜೈಲಿಗೂ ಇದೇ ನಿಯಮ. ಕಾವಲಿಗೆ ಮೂವರಿಗಿಂತ ಹೆಚ್ಚು ಜನ ಬೇಡ.

ಬಾವುಟದ ಬಗ್ಗೆ ಒಂದು ಮಾತನ್ನು ಸೇರಿಸುತ್ತೇನೆ. ಮಕ್ಕಳ ಉತ್ಸಾಹದಲ್ಲಿ ಆಗಸ್ಟ್ 15ರ ಕಾಗದದ ತ್ರಿವರ್ಣ ಬಾವುಟಗಳನ್ನು ತಂದು ನೆಡುವುದನ್ನು ಕಂಡಿದ್ದೇನೆ. ರಾಷ್ಟ್ರಧ್ವಜವನ್ನು ನೆಲಕ್ಕೆ ತಾಗಿಸಬಾರದೆಂದು ಧ್ವಜಸಂಹಿತೆ ಹೇಳುವಾಗ, ಬೀಳಿಸಿ ಎಳೆದಾಡುವ ಆಟಕ್ಕೆ ಅದು ಸಲ್ಲದು. ಹಳದಿ ಕೆಂಪಿನ ಕನ್ನಡ ಬಾವುಟಕ್ಕೂ ಇದೇ ಮಾತು. ಯಾವ ಪಕ್ಷವನ್ನೂ ನೆನಪಿಸದ ಬಣ್ಣದ ಎರಡು ಟವೆಲ್‌ಗಳನ್ನು ಅಡಿಕೆ ದಬ್ಬೆಗೆ ಸಿಕ್ಕಿಸಿದರೆ ಸಾಕು. ಗಂಟು ಹಾಕದೆ, ಒಂದೇ ಕೈಯಿಂದ ಎಳೆದರೆ ಬರುವಂತಿರಬೇಕು. ದಬ್ಬೆಯ ಸಿಬಿರು ಕೈಗೆ ಚುಚ್ಚದಂತೆ ಕತ್ತಿಯಿಂದ ಹೆರೆದಿಡಿ.

ಉತ್ತರ: ಅಂಕಣದ ಸೀಟಿ, ಮಂಡ್ಯ

ನಾನು ದೈಹಿಕ ಶಿಕ್ಷಣ ಶಿಕ್ಷಕ, ಕಬಡ್ಡಿ ಪಂದ್ಯಗಳಿಗೆ ತೀರ್ಪುಗಾರನಾಗಿಯೂ ಹೋಗುತ್ತೇನೆ. ಮಾಸ್ಟರ್ ಅವರ ಉಣ್ಣೆಯ ಸಲಹೆಯನ್ನು ಒಪ್ಪುತ್ತೇನೆ. ಆದರೆ ನಿಯಮ ಹೆಚ್ಚಾದರೆ ಆಟ ಕೆಡುತ್ತದೆ ಎಂಬ ನಿಮ್ಮ ಸಹೋದ್ಯೋಗಿಗಳ ಮಾತಿಗೆ ನನ್ನ ವಿರೋಧವಿದೆ. ಆಟ ಕೆಡುವುದು ನಿಯಮದ ಸಂಖ್ಯೆಯಿಂದಲ್ಲ. ಒಂದೇ ಸನ್ನಿವೇಶಕ್ಕೆ ಎರಡು ತಂಡಗಳು ಎರಡು ಬೇರೆ ಬೇರೆ ನಿಯಮಗಳನ್ನು ನಂಬಿಕೊಂಡು ಅಂಕಣಕ್ಕೆ ಇಳಿದಾಗ.

2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿ ಫೈನಲ್ ನೋಡಿದವರಿಗೆ ಇದು ನೆನಪಿರುತ್ತದೆ. ಭಾರತ ಮತ್ತು ಇರಾನ್ 28-28ರಲ್ಲಿ ಸಮನಾಗಿದ್ದಾಗ ಭಾರತದ ದಾಳಿಗಾರ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆಯೇ ಲಾಬಿಗೆ (ಎದುರಾಳಿಯನ್ನು ಮುಟ್ಟಿದ ಮೇಲಷ್ಟೇ ಬಳಸಬಹುದಾದ ಅಂಕಣದ ಬದಿಯ ಪಟ್ಟಿಗೆ) ಕಾಲಿಟ್ಟರು, ಅವರನ್ನು ಹಿಡಿಯುವ ಭರದಲ್ಲಿ ಇರಾನಿನ ಆಟಗಾರರೂ ಲಾಬಿಗೆ ನುಗ್ಗಿದರು. ಹಳೆಯ ನಿಯಮದಂತೆ ಹಾಗೆ ಹಿಂಬಾಲಿಸಿದವರೂ ಔಟು; ತಿದ್ದಿದ ನಿಯಮದಂತೆ ದಾಳಿಗಾರ ಮಾತ್ರ ಔಟು. ಯಾವುದು ಅನ್ವಯಿಸುತ್ತದೆ ಎಂಬ ವಾದದಲ್ಲಿ ತೀರ್ಪು ಅತ್ತಿತ್ತ ಹೊಯ್ದಾಡಿ, ಆಟಗಾರರು ಅಂಕಣದಲ್ಲೇ ಕುಳಿತು, ಪಂದ್ಯ ಸುಮಾರು ಒಂದು ಗಂಟೆ ನಿಂತುಹೋಯಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು, ಆದರೆ ಆ ಗೆಲುವಿನ ಮಾತು ಬಂದಾಗಲೆಲ್ಲ ಈ ಗಲಾಟೆಯ ಮಾತೂ ಬರುತ್ತದೆ. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಪಳಗಿದ ಆಟಗಾರರಿಗೇ ಹೀಗಾದರೆ ಐದನೆಯ ತರಗತಿಯ ಮಕ್ಕಳ ಗತಿ ಏನು?

ಈಗ ನಿಮ್ಮ ಜೈಲಿನ ವಿಚಾರ. ಕಬಡ್ಡಿಯಲ್ಲಿ ಔಟಾದವರು ಔಟಾದ ಕ್ರಮದಲ್ಲಿಯೇ ಮರಳಿ ಒಳಗೆ ಬರುತ್ತಾರೆ, ಮತ್ತು ಎದುರಾಳಿಯ ಎಷ್ಟು ಜನ ಔಟಾದರೋ ಅಷ್ಟೇ ಜನ ಬರುತ್ತಾರೆ. ಇದನ್ನು ಜೈಲಿಗೆ ಅನ್ವಯಿಸಿ. ಬಿಡಿಸಲು ಬಂದವಳು ಒಬ್ಬನನ್ನು ಮಾತ್ರ ಬಿಡಿಸಬಹುದು, ಅವನು ಜೈಲಿನಲ್ಲಿ ಎಲ್ಲರಿಗಿಂತ ಮೊದಲು ಬಂದವನಾಗಿರಬೇಕು. ಇದರಿಂದ ಎರಡು ಉಪಕಾರಗಳಿವೆ. ಹಿಡಿದವರ ಶ್ರಮ ಒಂದೇ ಏಟಿಗೆ ನೀರುಪಾಲಾಗುವುದಿಲ್ಲ; ಬಿಡಿಸುವವರು ತಮ್ಮ ಗೆಳೆಯನನ್ನೋ ಜೋರಾಗಿ ಓಡುವವನನ್ನೋ ಆರಿಸಿಕೊಳ್ಳುವುದೂ ತಪ್ಪುತ್ತದೆ. ಜೈಲಿನಲ್ಲಿ ಕೊನೆಯವರೆಗೂ ಉಳಿದುಹೋಗುವುದು ಯಾವಾಗಲೂ ಯಾರೂ ಕರೆಯದ ಮಗುವೇ ಅಲ್ಲವೇ? ಸಾಲಿನ ಕ್ರಮವಿದ್ದರೆ ಆ ಮಗುವಿನ ಸರದಿಯೂ ಬಂದೇ ಬರುತ್ತದೆ.

ಗೆರೆಯ ವಿಚಾರದಲ್ಲಿ ಮಾತ್ರ ಕಬಡ್ಡಿಯ ಪದ್ಧತಿಯನ್ನು ತರಬೇಡಿ. ಹಿಡಿತಕ್ಕೆ ಸಿಕ್ಕ ದಾಳಿಗಾರ ಬೆರಳ ತುದಿಯಿಂದ ಮಧ್ಯರೇಖೆಯನ್ನು ಮುಟ್ಟಿದರೂ ಬಚಾವು ಎಂಬುದು ನಮ್ಮ ಮಕ್ಕಳಿಗೆ ರಕ್ತಗತವಾಗಿದೆ. ಆ ಅಭ್ಯಾಸದಲ್ಲಿ ಬಾವುಟ ಹಿಡಿದವನು ಗೆರೆಯ ಹತ್ತಿರ ಹಾರಿ ಬೀಳುತ್ತಾನೆ. ನಿಮ್ಮ ಕಡೆಯ ಜಂಬಿಟ್ಟಿಗೆಯ ನೆಲದಲ್ಲಿ ಮೊಣಕೈ, ಮೊಣಕಾಲು ಎರಡೂ ತರಚಿಹೋಗುತ್ತವೆ. ಎರಡೂ ಪಾದಗಳು ಗೆರೆ ದಾಟಿ ಆಚೆ ಊರಿದರೆ ಮಾತ್ರ ಗೆಲುವು ಎಂದು ಹೇಳಿ. ಬಾವುಟ ಹಿಡಿದವನು ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಬಾವುಟ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಎರಡು ಪದ್ಧತಿಗಳಿವೆ: ಮೂಲ ಜಾಗಕ್ಕೆ ಮರಳುವುದು, ಅಥವಾ ಬಿದ್ದಲ್ಲೇ ಇರುವುದು. ಮೊದಲನೆಯದನ್ನೇ ಇಟ್ಟುಕೊಳ್ಳಿ. ಬಿದ್ದಲ್ಲೇ ಬಿಟ್ಟರೆ ಗೆರೆಯ ಪಕ್ಕದಲ್ಲಿ ಇಪ್ಪತ್ತು ಮಕ್ಕಳ ರಾಶಿ ಬೀಳುತ್ತದೆ. ಬಾವುಟವನ್ನು ಎಸೆಯುವುದಕ್ಕೂ ಅವಕಾಶ ಬೇಡ, ಕೈಯಿಂದ ಕೈಗೆ ಕೊಡಬಹುದು.

ರಿಬ್ಬನ್ ಬಿಚ್ಚಿದ ಹುಡುಗಿಯ ಗೆಲುವು ಗೆಲುವೇ. ಆ ದಿನ ಅದನ್ನು ತಡೆಯುವ ನಿಯಮ ಇರಲಿಲ್ಲ. ಮುಂದೆ ತಡೆಯಬೇಕೋ ಬೇಡವೋ ಎಂಬುದನ್ನು ಈಗ ತೀರ್ಮಾನಿಸಿ, ಆದರೆ ಹಿಂದಿನ ತಾರೀಖಿನಿಂದ ಜಾರಿಗೆ ತರಬೇಡಿ.

ಉತ್ತರ: ತಟ್ಟೆ ಎಸೆಯುವವನು, ಬೆಂಗಳೂರು

ಇಬ್ಬರು ಹಿರಿಯರ ಮಾತನ್ನೂ ಗೌರವದಿಂದ ಓದಿದೆ. ಆದರೆ ಸೀಟಿ ಊದುವವರಿಲ್ಲದೆಯೇ ನ್ಯಾಯವಾಗಿ ಆಡಬಹುದು ಎಂಬುದಕ್ಕೆ ನಾನು ಆಡುವ, ಪ್ಲಾಸ್ಟಿಕ್ ತಟ್ಟೆ ಎಸೆದಾಡುವ ತಂಡದ ಆಟವಾದ ಅಲ್ಟಿಮೇಟ್ ಫ್ರಿಸ್ಬಿಯೇ ಸಾಕ್ಷಿ. ವಿಶ್ವ ಚಾಂಪಿಯನ್‌ಶಿಪ್ ಮಟ್ಟದಲ್ಲಿಯೂ ಅಲ್ಲಿ ತೀರ್ಪು ಕೊಡುವ ರೆಫರಿ ಇರುವುದಿಲ್ಲ. ಫೌಲ್ ಆಯಿತೆಂದು ಒಬ್ಬ ಆಟಗಾರ ಹೇಳುತ್ತಾನೆ; ಎದುರಾಳಿ ಒಪ್ಪಿದರೆ ಸರಿ, ಒಪ್ಪದಿದ್ದರೆ ತಟ್ಟೆ ಹಿಂದಕ್ಕೆ, ಎಸೆದವನ ಕೈಗೆ ಹೋಗುತ್ತದೆ. ಯಾರು ಸತ್ಯ ಹೇಳಿದರು ಎಂದು ಯಾರೂ ವಿಚಾರಣೆ ಮಾಡುವುದಿಲ್ಲ, ಆಟ ಮಾತ್ರ ಒಂದು ಹೆಜ್ಜೆ ಹಿಂದಕ್ಕೆ ಸರಿದು ಮತ್ತೆ ಮುಂದುವರಿಯುತ್ತದೆ. ಪಂದ್ಯ ಮುಗಿದ ಮೇಲೆ ಎರಡು ತಂಡಗಳೂ ಬೆರೆತು ವೃತ್ತವಾಗಿ ನಿಂತು ಮಾತಾಡುತ್ತವೆ, ಮತ್ತು ಒಂದು ತಂಡ ಇನ್ನೊಂದರ ನಡತೆಗೆ ಐದು ವಿಷಯಗಳಲ್ಲಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತದೆ.

ನಿಮ್ಮ ಆಟಕ್ಕೆ ಇದನ್ನು ಹೀಗೆ ಅಳವಡಿಸಬಹುದು. ಮುಟ್ಟಿದ್ದರ ಬಗ್ಗೆ ಒಮ್ಮತವಿಲ್ಲದಿದ್ದರೆ ಇಬ್ಬರೂ ಜೈಲಿಗೆ ಹೋಗದೆ, ತಂತಮ್ಮ ಬಾವುಟದವರೆಗೆ ನಡೆದುಹೋಗಿ ಅದರ ಕಂಬವನ್ನು ಮುಟ್ಟಿ ಮತ್ತೆ ಆಟಕ್ಕೆ ಸೇರಿಕೊಳ್ಳಲಿ. ವಾದ ಮಾಡಿದಷ್ಟೂ ಇಬ್ಬರಿಗೂ ಹೊತ್ತು ಹಾಳಾಗುತ್ತದೆ ಎಂದು ಗೊತ್ತಾದಾಗ ಮಕ್ಕಳು ಬೇಗ ಒಪ್ಪಿಕೊಳ್ಳುತ್ತಾರೆ.

ಮರುಪ್ರಶ್ನೆ: ಶಿಬಿರದ ಅಕ್ಕ, ಸಾಗರ

ಮೂವರಿಗೂ ಕೃತಜ್ಞತೆಗಳು. ಉಣ್ಣೆಯ ದಾರವನ್ನೂ ಜೈಲಿನ ಸಾಲನ್ನೂ ಖಂಡಿತ ತರುತ್ತೇವೆ. ಕಂಬ ಮುಟ್ಟಿ ಬರುವ ಉಪಾಯ ದಾರ ಹರಿಯದ ತಕರಾರುಗಳಿಗೆ, ಉದಾಹರಣೆಗೆ ಕಾಲು ಗೆರೆಯ ಯಾವ ಕಡೆ ಇತ್ತು ಎಂಬುದಕ್ಕೆ, ಒದಗುತ್ತದೆ ಎನ್ನಿಸಿತು. ಆದರೆ ಅದರಲ್ಲಿ ಒಂದು ತೊಡಕು ಕಾಣುತ್ತಿದೆ: ಬಾವುಟ ಹಿಡಿದು ಓಡುತ್ತಿರುವವನ ಮೇಲೆ ಬೇಕೆಂದೇ ತಕರಾರು ಎತ್ತಿದರೆ, ತಕರಾರು ಸುಳ್ಳಾದರೂ ಅವನ ಓಟ ನಿಂತುಹೋಗುತ್ತದೆ. ಅಲ್ಲಿಗೆ ಸುಳ್ಳು ಹೇಳಿದವರಿಗೇ ಲಾಭವಾಯಿತಲ್ಲ?

ಇನ್ನು ರಿಬ್ಬನ್ ಮತ್ತು ಟೈಂಪ್ಲೀಸ್ ವಿಚಾರ ಹಾಗೆಯೇ ಉಳಿದಿದೆ. ಹುಸಿ ಓಟ ಓಡಿ ಕಾವಲಿನವರನ್ನು ದಾರಿ ತಪ್ಪಿಸುವುದು ಸರಿ ಎನ್ನುತ್ತೇವೆ, ಪೊದೆಯಲ್ಲಿ ಅಡಗುವುದು ಸರಿ ಎನ್ನುತ್ತೇವೆ. ರಿಬ್ಬನ್ ಬಿಚ್ಚುವುದೂ ಕಣ್ಣಿಗೆ ಮಣ್ಣೆರಚುವುದೇ ಅಲ್ಲವೇ ಎಂದು ಆ ಹುಡುಗಿ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕೊನೆಯದಾಗಿ, ಆರನೆಯ ತರಗತಿಯ ಒಬ್ಬ ಹುಡುಗನನ್ನು ಎಲ್ಲರೂ ಸುಳ್ಳುಬುರುಕ ಎಂದು ಕರೆಯುತ್ತಾರೆ, ಅವನನ್ನು ಯಾವ ತಂಡವೂ ಸೇರಿಸಿಕೊಳ್ಳಲು ಒಪ್ಪುವುದಿಲ್ಲ. ಅವನಿಗೇನು ಮಾಡಬೇಕು?

ಉತ್ತರ: ಎಡಿಸನ್ ಕನ್ನಡತಿ, ನ್ಯೂಜೆರ್ಸಿ

ಇಲ್ಲಿ ಅಮೆರಿಕದಲ್ಲಿ ಈ ಆಟ ಬೇಸಿಗೆ ಶಿಬಿರಗಳಲ್ಲೂ ಶಾಲೆಯ ವ್ಯಾಯಾಮದ ತರಗತಿಗಳಲ್ಲೂ ಮಾಮೂಲು. ನಮ್ಮ ಕನ್ನಡ ಕುಟುಂಬಗಳ ಪಿಕ್ನಿಕ್ಕಿನಲ್ಲೂ ಮಕ್ಕಳು ಬಿಸಿಬೇಳೆಭಾತ್ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಓಡುವುದು ಇದಕ್ಕೇ. ಶಾಲೆಗಳಲ್ಲಿ ಉಣ್ಣೆಯ ಬದಲು ವೆಲ್ಕ್ರೋ ಅಂಟಿನ ಪಟ್ಟಿಯುಳ್ಳ ಬೆಲ್ಟ್ ಕೊಡುತ್ತಾರೆ, ಎಳೆದರೆ ಚರ್ ಎಂದು ಕಳಚಿಕೊಳ್ಳುತ್ತದೆ. ಬಾವುಟಕ್ಕೆ ಅಂಟಿಕೊಂಡು ಕಾವಲು ನಿಲ್ಲುವುದಕ್ಕೆ ಮಕ್ಕಳ ಬಾಯಲ್ಲಿ ‘ಪಪ್ಪಿ ಗಾರ್ಡಿಂಗ್’ ಎಂಬ ಹೆಸರಿದೆ, ಯಾರಾದರೂ ಹಾಗೆ ನಿಂತರೆ ದೊಡ್ಡವರು ಹೇಳುವ ಮೊದಲೇ ಮಕ್ಕಳೇ ಕೂಗಿ ಓಡಿಸುತ್ತಾರೆ.

ನಿಮ್ಮ ಕಷ್ಟದ ಪ್ರಶ್ನೆಗೆ ಇಲ್ಲಿನ ಒಂದು ರೂಢಿಯ ಮೂಲಕ ಉತ್ತರಿಸಲು ಪ್ರಯತ್ನಿಸುತ್ತೇನೆ. ಜೈಲಿನಿಂದ ಬಿಡಿಸಿದವರೂ ಬಿಡುಗಡೆಯಾದವರೂ ಕೈಯನ್ನು ತಲೆಯ ಮೇಲೆ ಎತ್ತಿಕೊಂಡು ನಡೆಯುತ್ತ ಸ್ವಂತ ನೆಲಕ್ಕೆ ಮರಳಬೇಕು. ಕೈ ಎತ್ತಿದವರನ್ನು ಯಾರೂ ಮುಟ್ಟುವಂತಿಲ್ಲ, ಅವರೂ ದಾರಿಯಲ್ಲಿ ಬಾವುಟದ ಕಡೆ ತಿರುಗುವಂತಿಲ್ಲ. ಈಗ ಒಬ್ಬಳು ಜೈಲಿಗೇ ಹೋಗದೆ ಸುಮ್ಮನೆ ಕೈ ಎತ್ತಿಕೊಂಡು ಎದುರಾಳಿಗಳ ನಡುವೆ ನಡೆದು ಬಾವುಟದ ಹತ್ತಿರ ಬಂದು ಕೈ ಇಳಿಸಿದಳು ಎಂದುಕೊಳ್ಳಿ. ಆ ಸಲ ಅವಳು ಗೆಲ್ಲಬಹುದು. ಮುಂದಿನ ಸಲ ನಿಜವಾಗಿ ಬಿಡುಗಡೆಯಾಗಿ ಕೈ ಎತ್ತಿದವರನ್ನೂ ಯಾರೂ ನಂಬುವುದಿಲ್ಲ, ಮತ್ತು ಜೈಲಿನಿಂದ ಮರಳುವ ದಾರಿಯೇ ಎಲ್ಲರಿಗೂ ಮುಚ್ಚಿಹೋಗುತ್ತದೆ.

ಗೆರೆಯನ್ನು ನಾನು ಎಳೆಯುವುದು ಇಲ್ಲಿ. ಎದುರಾಳಿಯ ಕಣ್ಣನ್ನೂ ಊಹೆಯನ್ನೂ ವಂಚಿಸುವುದು ಆಟ: ಅಡಗುವುದು, ಹುಸಿ ಓಟ, ಮೂವರು ಗಲಾಟೆ ಮಾಡುತ್ತ ಎಡಕ್ಕೆ ಓಡಿ ನಾಲ್ಕನೆಯವಳನ್ನು ಬಲಕ್ಕೆ ಬಿಡುವುದು, ಬಾವುಟ ಇಲ್ಲದವನು ಅಂಗಿಯೊಳಗೆ ಏನನ್ನೋ ಬಚ್ಚಿಟ್ಟವನಂತೆ ಓಡುವುದು, ಎಲ್ಲವೂ ಸರಿ. ಆದರೆ ಆಟ ನಡೆಯಬೇಕಾದರೆ ಎರಡು ತಂಡಗಳೂ ನಂಬಲೇಬೇಕಾದ ಕೆಲವು ಗುರುತುಗಳಿವೆ. ತಂಡದ ಬಣ್ಣ, ಎತ್ತಿದ ಕೈ, ಸೀಟಿ, ಟೈಂಪ್ಲೀಸ್ ಇವು ಅಂಥವು. ಇವುಗಳನ್ನು ಸುಳ್ಳಾಗಿಸಿದವರು ಎದುರಾಳಿಯನ್ನು ಮಾತ್ರವಲ್ಲ, ತಮ್ಮ ತಂಡದವರನ್ನೂ ಕಷ್ಟಕ್ಕೆ ಸಿಕ್ಕಿಸುತ್ತಾರೆ. ಟೈಂಪ್ಲೀಸಿನಲ್ಲಂತೂ ಇದು ಬರೀ ಆಟದ ಮಾತಲ್ಲ. ಸುಳ್ಳು ಮುಳ್ಳು ಚುಚ್ಚಿಸಿಕೊಂಡ ಹುಡುಗನ ದೆಸೆಯಿಂದ, ನಾಳೆ ನಿಜವಾಗಿ ಕಾಲು ಉಳುಕಿಸಿಕೊಂಡು ಪೊದೆಯ ಹಿಂದೆ ಕೂಗುವ ಮಗುವಿನ ಹತ್ತಿರ ಯಾರೂ ಹೋಗುವುದಿಲ್ಲ. ಆದ್ದರಿಂದ ಟೈಂಪ್ಲೀಸ್ ಕೂಗಿದವರು, ನೋವು ನಿಜವಿರಲಿ ಬಿಡಲಿ, ಶಿಕ್ಷೆಯಲ್ಲದ ಒಂದು ಬೆಲೆಯನ್ನು ತೆರಬೇಕು: ಕೂಗಿದಲ್ಲಿಂದ ಎದ್ದು ದೊಡ್ಡವರೊಬ್ಬರ ಬಳಿಗೆ ಹೋಗಿ ಕಾಲು ತೋರಿಸಿ, ಸ್ವಂತ ಬಾವುಟದ ಹತ್ತಿರದಿಂದ ಮತ್ತೆ ಆಟ ಶುರು ಮಾಡಬೇಕು. ನಿಜವಾಗಿ ಪೆಟ್ಟಾದವನಿಗೆ ಅದು ಭಾರವಲ್ಲ, ನಟಿಸುವವನಿಗೆ ಲಾಭವಿಲ್ಲ.

ಆ ಏಳನೆಯ ತರಗತಿಯ ಹುಡುಗಿಯನ್ನು ನಮ್ಮ ಪಿಕ್ನಿಕ್ಕಿಗೆ ಕಳುಹಿಸಿಕೊಡಿ. ನೀರು ಕೇಳಿ ಕುಡಿದದ್ದು ನನಗೆ ಬಹಳ ಹಿಡಿಸಿತು.

ಉತ್ತರ: ಅಂಕಣದ ಸೀಟಿ, ಮಂಡ್ಯ

ಎಡಿಸನ್ನಿನ ತಂಗಿಯವರು ಹೇಳಿದ ವ್ಯತ್ಯಾಸವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ತಟ್ಟೆಯವರ ಪದ್ಧತಿಯಲ್ಲಿ ಅಕ್ಕನವರು ಕಂಡ ತೊಡಕೂ ನಿಜವಾದದ್ದೇ. ಅದಕ್ಕೊಂದು ಪರಿಹಾರವಿದೆ: ಬಾವುಟ ಹಿಡಿದು ಓಡುವವನ ವಿಚಾರದಲ್ಲಿ ಮಾತ್ರ ತಕರಾರಿನಿಂದ ಆಟ ನಿಲ್ಲಬಾರದು, ಹರಿದ ದಾರವನ್ನು ತೋರಿಸಿದರೆ ಮಾತ್ರ ಅವನು ಔಟು. ದಾರ ಇಲ್ಲವೆಂದರೆ ತಕರಾರೂ ಇಲ್ಲ. ಉಳಿದ ಸಣ್ಣಪುಟ್ಟ ವಿವಾದಗಳಿಗೆ ಕಂಬ ಮುಟ್ಟಿ ಬರುವುದು ಸಾಕು.

ಇದರ ಜೊತೆಗೆ ತಂಡಕ್ಕೊಬ್ಬ ನಾಯಕನನ್ನು ಮಾಡಿ, ಅವನಿಗೆ ಒಂದು ವಿಶೇಷ ಅಧಿಕಾರವನ್ನು ಕೊಡಿ. ತನ್ನ ತಂಡಕ್ಕೆ ಲಾಭವಾದ ತೀರ್ಪನ್ನು ಅವನು ಬಿಟ್ಟುಕೊಡಬಹುದು; ತನ್ನ ತಂಡಕ್ಕೆ ನಷ್ಟವಾದ ತೀರ್ಪನ್ನು ಬದಲಿಸಲು ಮಾತ್ರ ಕೇಳುವಂತಿಲ್ಲ. ಭದ್ರಾವತಿಯ ಜಿ.ಆರ್. ವಿಶ್ವನಾಥ್ 1980ರ ಫೆಬ್ರುವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ, ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಮಾಡಿದ್ದು ಇದನ್ನೇ. ಇಂಗ್ಲೆಂಡಿನ ಐದು ವಿಕೆಟ್ ಕೇವಲ 58 ರನ್ನಿಗೆ ಬಿದ್ದಿದ್ದವು. ಬಾಬ್ ಟೇಲರ್ ಚೆಂಡನ್ನು ತಾಗಿಸಿ ವಿಕೆಟ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದ್ದರು. ಸ್ಲಿಪ್‌ನಲ್ಲಿ ನಿಂತಿದ್ದ ನಾಯಕ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎನ್ನಿಸಿ, ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಆರನೆಯ ವಿಕೆಟಿಗೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಸೋಲನ್ನು ಮುಚ್ಚಿಡಬೇಡಿ. ಬಿಟ್ಟುಕೊಟ್ಟರೆ ಒಳ್ಳೆಯದೇ ಆಗುತ್ತದೆ ಎಂಬ ಸುಳ್ಳು ಭರವಸೆಯನ್ನು ಮಕ್ಕಳು ಒಂದೇ ಆಟದಲ್ಲಿ ಪತ್ತೆಹಚ್ಚಿಬಿಡುತ್ತಾರೆ.

ಉತ್ತರ: ಹಳೆಯ ಸ್ಕೌಟ್ ಮಾಸ್ಟರ್, ದಾವಣಗೆರೆ

ಸುಳ್ಳುಬುರುಕ ಎಂಬ ಹೆಸರು ಹೊತ್ತ ಹುಡುಗನ ಬಗ್ಗೆ ಯಾರೂ ಉತ್ತರಿಸಲಿಲ್ಲವಾದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಮೊದಲೇ ತೀರ್ಮಾನಿಸಬೇಡಿ. ದೊಗಳೆ ಅಂಗಿ ತೊಟ್ಟು ಜೀವ ಬಿಟ್ಟು ಓಡುತ್ತಿರುವ ಮಗುವಿಗೆ ಬೆನ್ನ ಮೇಲೆ ಬೆರಳು ತಾಗಿದ್ದು ತಿಳಿಯುವುದೇ ಇಲ್ಲ. ಮುಟ್ಟಿದವನಿಗೆ ಬಟ್ಟೆ ತಾಗಿದ್ದು ನಿಜ, ಇವನಿಗೆ ಏನೂ ತಾಗದಿದ್ದದ್ದೂ ನಿಜ. ಇಬ್ಬರೂ ಪ್ರಾಮಾಣಿಕವಾಗಿಯೇ ಕಚ್ಚಾಡುತ್ತಾರೆ. ಒಮ್ಮೆ ಹೆಸರು ಬಿದ್ದ ಮೇಲೆ ಅವನು ನಿಜ ಹೇಳಿದರೂ ಯಾರೂ ಒಪ್ಪದ ಕಾರಣ, ಸುಳ್ಳು ಹೇಳಿದರೆ ನಷ್ಟವೇನು ಎಂದು ಅವನಿಗೆ ಅನ್ನಿಸುವುದೂ ಸಹಜ. ಉಣ್ಣೆ ಕಟ್ಟಿ ಆಡಿಸಿ ನೋಡಿ. ದಾರ ತೋಳಿನಲ್ಲಿ ಉಳಿದಿದ್ದರೆ ಅವನ ಮಾತನ್ನು ಇಡೀ ತಂಡ ಒಪ್ಪಲೇಬೇಕಾಗುತ್ತದೆ. ಅಷ್ಟಾದ ಮೇಲೂ ಹರಿದ ದಾರವನ್ನು ಗಂಟು ಹಾಕಿಕೊಂಡು ಓಡಾಡಿದರೆ, ಆಗ ಬದಿಗೆ ಕರೆದು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಬೇಕು, ಎಲ್ಲರ ಎದುರಿಗಲ್ಲ. ತಂಡಗಳನ್ನು ಆರಿಸುವ ಕೆಲಸವನ್ನು ಮಕ್ಕಳ ಕೈಗೆ ಬಿಡದೆ ನೀವೇ ಚೀಟಿ ಎತ್ತಿ ಮಾಡಿದರೆ ಅವನನ್ನು ಯಾರು ಸೇರಿಸಿಕೊಳ್ಳಬೇಕು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಅರ್ಧ ಆಟ ಮುಗಿದ ಮೇಲೆ ನೆಲ ಬದಲಿಸಿ, ಏಕೆಂದರೆ ಪೊದೆಯಿರುವ ಪಾಲು ಮತ್ತು ಬರಿಯ ಮೈದಾನದ ಪಾಲು ಎಂದೂ ಸಮವಲ್ಲ.

ಐದನೆಯ ತರಗತಿಯವರನ್ನೂ ಒಂಬತ್ತನೆಯವರನ್ನೂ ಒಟ್ಟಿಗೆ ಆಡಿಸುವುದಾದರೆ ಸಣ್ಣವರ ತೋಳಿಗೆ ಎರಡು ದಾರ, ದೊಡ್ಡವರಿಗೆ ಒಂದು ದಾರ ಕಟ್ಟಿ. ದೊಡ್ಡವರು ಇದಕ್ಕೆ ಗೊಣಗುವುದಿಲ್ಲ, ಸಣ್ಣವರು ಎರಡನೆಯ ದಾರದ ಧೈರ್ಯದಲ್ಲಿ ಗೆರೆ ದಾಟುತ್ತಾರೆ. ಒಂದು ಸರದಿಗೆ ಇಪ್ಪತ್ತು ನಿಮಿಷ ಸಾಕು. ಅಷ್ಟರೊಳಗೆ ಬಾವುಟ ಯಾರ ಕೈಗೂ ಸಿಗದಿದ್ದರೆ ಜೈಲಿನಲ್ಲಿರುವವರನ್ನು ಎಣಿಸಿ ಗೆಲುವು ಕೊಡಬೇಡಿ. ಹಾಗೆ ಮಾಡಿದರೆ ಮರುದಿನದಿಂದ ಎಲ್ಲರೂ ಕಾವಲಿಗೇ ನಿಲ್ಲುತ್ತಾರೆ, ನುಗ್ಗುವವರೇ ಇರುವುದಿಲ್ಲ. ಸಮ ಎಂದು ಸಾರಿ ಮತ್ತೊಂದು ಸರದಿ ಆಡಿಸಿ.

ಇನ್ನೊಂದು ಮುಖ್ಯ ಕೆಲಸವಿದೆ. ನಿಮ್ಮದು ಸೊಪ್ಪಿನಬೆಟ್ಟದ ಅಂಚು ಎಂದಿದ್ದೀರಿ, ಅಲ್ಲಿ ತೋಟಕ್ಕೆ ಐಬೆಕ್ಸ್ ಬೇಲಿ (ಪ್ರಾಣಿಗಳನ್ನು ತಡೆಯುವ ಕರೆಂಟಿನ ತಂತಿಬೇಲಿ) ಹಾಕಿರುವವರು ಇದ್ದೇ ಇರುತ್ತಾರೆ. ಆಟದ ದಿನ ಅದರ ಕರೆಂಟನ್ನು ತೆಗೆಸಲು ಅವರಿಗೆ ಹೇಳಿ, ಆದರೂ ಬೇಲಿಯಿಂದ ಹತ್ತು ಮಾರು ಈಚೆಗೇ ನಿಮ್ಮ ಗಡಿಯನ್ನು ಗುರುತಿಸಿ. ಬಾವಿ, ಬಸಿಗಾಲುವೆ, ಮುಳ್ಳುಕಂಟಿ ಎಲ್ಲೆಲ್ಲಿವೆ ಎಂಬುದನ್ನು ಎರಡೂ ತಂಡದವರನ್ನು ಒಟ್ಟಿಗೆ ಕರೆದುಕೊಂಡು ಹೋಗಿ ನಡೆದೇ ತೋರಿಸಬೇಕು, ಮೈದಾನದಲ್ಲಿ ನಿಂತು ಕೈ ಮಾಡಿ ತೋರಿಸಿದರೆ ಸಾಲದು. ಗಡಿ ದಾಟಿದವರು ಯಾರೂ ಮುಟ್ಟದಿದ್ದರೂ ಜೈಲಿಗೆ ಹೋಗಬೇಕು, ಮತ್ತು ಈ ಒಂದು ನಿಯಮದಲ್ಲಿ ನಾಯಕನಿಗೂ ಬಿಟ್ಟುಕೊಡುವ ಅಧಿಕಾರ ಬೇಡ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಕೊನೆಯ ಸೀಟಿ ಊದಿ, ಎರಡು ಬಣ್ಣದ ದಾರದವರನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿ ಎಣಿಸಿಕೊಳ್ಳಿ. ಅಡಗಿ ಕೂತವರಲ್ಲಿ ಒಬ್ಬನಾದರೂ ಸೀಟಿ ಕೇಳಿಸಲಿಲ್ಲ ಎಂದು ಅಲ್ಲೇ ಉಳಿದಿರುತ್ತಾನೆ.